ಏರ್‌ಸಾಫ್ಟ್ ಪಿಸ್ತೂಲಿನ ಲೋಹದ ಕಿಟ್: ಒಳಗಿನ ಸ್ಟೀಲಿಗೆ ಪೂರ್ತಿ ಅಂಕ, ಹೊರಗಿನ ಸ್ಲೈಡಿಗೆ ಅರ್ಧ

ಈ ಕಿಟ್‌ನಲ್ಲಿ ಚೆನ್ನಾಗಿರುವ ಭಾಗಗಳೆಲ್ಲ ಕಣ್ಣಿಗೆ ಕಾಣದ ಭಾಗಗಳು. ಹೊರಗೆ ಮಿಂಚುವ ಅಲ್ಯೂಮಿನಿಯಂ ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ನೋಡಿಯೇ ಎಲ್ಲರೂ ಇದನ್ನು ಕೊಳ್ಳುತ್ತಾರೆ. ನಾನೂ ಹಾಗೇ ಕೊಂಡೆ. ಆದರೆ ಈಗ ಯಾರಾದರೂ ಕೇಳಿದರೆ ಸ್ಲೈಡನ್ನು ಡಬ್ಬಿಯಲ್ಲೇ ಬಿಟ್ಟು, ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿರುವ ಸ್ಟೀಲಿನ ಚೂರುಗಳನ್ನು ಮೊದಲು ಹಾಕಿ ಅನ್ನುತ್ತೇನೆ.

ಪಿಸ್ತೂಲು ಜಪಾನಿನ ಟೋಕಿಯೊ ಮರುಯಿ ಕಂಪನಿಯ ಹೈ-ಕ್ಯಾಪಾ 5.1, ಪ್ಲಾಸ್ಟಿಕ್ ಗುಂಡು ಹೊಡೆಯುವ ಏರ್‌ಸಾಫ್ಟ್ ಆಟದ್ದು. ಗ್ಯಾಸ್ ಬ್ಲೋಬ್ಯಾಕ್. ಅಂದರೆ ಟ್ರಿಗರ್ ಒತ್ತಿದಾಗಲೆಲ್ಲ ಮ್ಯಾಗಜಿನ್‌ನಿಂದ (ಗ್ಯಾಸೂ ಗುಂಡೂ ತುಂಬುವ ಡಬ್ಬಿಯಿಂದ) ಬರುವ ಗ್ಯಾಸು 6 ಮಿಲಿಮೀಟರ್ ಬಿಬಿಯನ್ನು, ಅಂದರೆ ಪುಟ್ಟ ಪ್ಲಾಸ್ಟಿಕ್ ಗುಂಡನ್ನು, ಮುಂದಕ್ಕೆ ತಳ್ಳುತ್ತದೆ, ಹಿಂದೆಯೇ ಸ್ಲೈಡನ್ನೂ ಹಿಂದಕ್ಕೆ ಒದೆಯುತ್ತದೆ. ಈ ಆಟಕ್ಕೆ ನನ್ನನ್ನು ಎಳೆದು ತಂದವನು ಅಕ್ಕನ ಮಗ. ನನ್ನ ಕೆಲಸ ದಿನವಿಡೀ ಲೆಕ್ಕದ ಹಾಳೆ ನೋಡುವುದು. ಪಂಚ್, ಅರ, ಸುತ್ತಿಗೆ ಇವೆಲ್ಲ ಕೈಗೆ ಹೊಸತು, ಹತ್ತಿರದ್ದು ಕಾಣಬೇಕಾದರೆ ಕನ್ನಡಕ ಬೇಕು. ಹಾಗಾಗಿ ಇದು ಪಳಗಿದ ಕೈಯವರ ವಿಮರ್ಶೆ ಅಲ್ಲ. ಏನೂ ಗೊತ್ತಿಲ್ಲದವರು ಇದನ್ನು ಕೊಂಡರೆ ಏನಾಗುತ್ತದೆ ಅನ್ನುವ ವಿಮರ್ಶೆ.

ಡಬ್ಬಿಯಲ್ಲಿ ಇರುವುದು ಇಷ್ಟು: ಅಲ್ಯೂಮಿನಿಯಂ ಸ್ಲೈಡ್, ಅಲ್ಯೂಮಿನಿಯಂ ಹೊರ ಬ್ಯಾರೆಲ್, ಸ್ಟೀಲಿನ ಹ್ಯಾಮರ್, ಸಿಯರ್, ಡಿಸ್ಕನೆಕ್ಟರ್, ವಾಲ್ವ್ ನಾಕರ್ (ಟ್ರಿಗರ್ ಒತ್ತಿದಾಗ ಗ್ಯಾಸು ಬಿಡುವ ಒಳಭಾಗಗಳು, ಯಾವುದು ಏನು ಮಾಡುತ್ತದೆ ಅಂತ ಮುಂದೆ ಹೇಳುತ್ತೇನೆ), ಸ್ಲೈಡನ್ನು ವಾಪಸ್ ಮುಂದೆ ತರುವ ಗಟ್ಟಿ ರೀಕಾಯಿಲ್ ಸ್ಪ್ರಿಂಗು, ಅದು ಕೂರುವ ಸ್ಟೀಲಿನ ಗೈಡ್ ರಾಡ್, ಒಂದಿಷ್ಟು ಪಿನ್ನುಗಳು. ಸೂಚನೆಯ ಕಾಗದ ಅಂತ ಒಂದು ಚೀಟಿ ಇದೆ. ಅದರಲ್ಲಿ ಬಿಚ್ಚಿದ ಭಾಗಗಳ ಚಿತ್ರ ಬಿಟ್ಟರೆ ಬೇರೇನೂ ಇಲ್ಲ. ಡಬ್ಬಿಯ ಮೇಲೆ ಮಾತ್ರ, ಹಳೆಯದು ತೆಗೆದು ಹೊಸದು ಇಟ್ಟರೆ ಸಾಕು, ಉಜ್ಜುವ ಕೊರೆಯುವ ಕೆಲಸವೇ ಇಲ್ಲ ಅಂತ ದೊಡ್ಡ ಅಕ್ಷರದ ಭರವಸೆ. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ. ತಯಾರಕರ ಹೆಸರು ಹೇಳುವುದಿಲ್ಲ. ಈ ಮಾತು ಅವರೊಬ್ಬರದ್ದೇ ಅಲ್ಲ.

ಇಷ್ಟೆಲ್ಲ ಯಾಕೆ ಬದಲಿಸಬೇಕು ಅಂತ ಕೇಳಬಹುದು. ಮರುಯಿ ಪಿಸ್ತೂಲು ಡಬ್ಬಿಯಿಂದ ತೆಗೆದ ಕೂಡಲೇ ಚೆನ್ನಾಗಿಯೇ ಹೊಡೆಯುತ್ತದೆ. ಅದರ ಸ್ಲೈಡ್ ಎಬಿಎಸ್ ಪ್ಲಾಸ್ಟಿಕ್‌ನದು. ಜಿಪುಣತನಕ್ಕೆ ಹಾಗೆ ಮಾಡಿದ್ದಲ್ಲ. ಜಪಾನಿನಲ್ಲಿ 1971ರಿಂದ ಲೋಹದ ಪಿಸ್ತೂಲು ಮಾದರಿಗಳ ಮೇಲೆ ಬಿಗಿ ಕಾನೂನು ಇದೆ. ಜೊತೆಗೆ ಅಲ್ಲಿ ಬಳಸುತ್ತಾ ಬಂದಿರುವುದು 134ಎ ಗ್ಯಾಸು, ಅದರ ಒತ್ತಡ 20 ಡಿಗ್ರಿಯಲ್ಲಿ ಸುಮಾರು 5.7 ಬಾರ್. ಉಳಿದ ಕಡೆ ನಾವು ಹಾಕುವ ಗ್ರೀನ್ ಗ್ಯಾಸು ಅಂದರೆ ಹೆಚ್ಚುಕಮ್ಮಿ ಪ್ರೊಪೇನು, ಸ್ವಲ್ಪ ಸಿಲಿಕೋನ್ ಎಣ್ಣೆ ಬೆರೆಸಿದ್ದು. ಅದೇ 20 ಡಿಗ್ರಿಯಲ್ಲಿ ಇದು ಸುಮಾರು 8 ಬಾರ್ ದಾಟುತ್ತದೆ. ಪ್ಲಾಸ್ಟಿಕ್ ಸ್ಲೈಡ್ ಈ ಹೊಡೆತವನ್ನು ಸ್ವಲ್ಪ ಕಾಲ ತಾಳುತ್ತದೆ, ಆಮೇಲೆ ಬಿರುಕು ಬಿಡಬಹುದು. ಒಳಗಿನ ಹ್ಯಾಮರ್, ಸಿಯರ್ ಇವು ಅಚ್ಚಿಗೆ ಹೊಯ್ದ ಸತುವಿನವು. ಸತು ಮೆತ್ತಗೆ. ಅಂಚು ಬೇಗ ಮೊಂಡಾಗುತ್ತದೆ.

ಇಲ್ಲಿ ನಾನು ಒಂದು ಪ್ರಶ್ನೆ ಹಿಡಿದುಕೊಂಡೆ, ಕೊನೆಯವರೆಗೂ ಬಿಡಲಿಲ್ಲ. ಯಾವ ಭಾಗ ಯಾವುದಕ್ಕೆ ಉಜ್ಜುತ್ತದೆ? ಗಟ್ಟಿ ಲೋಹ ಮೆತ್ತನೆಯದಕ್ಕೆ ಉಜ್ಜಿದರೆ ಸವೆಯುವುದು ಮೆತ್ತನೆಯದೇ. ಒಂದನ್ನು ಗಟ್ಟಿ ಮಾಡಿದರೆ ಅದರ ಪಕ್ಕದ್ದಕ್ಕೆ ಕೆಡುಗಾಲ ಬಂತು ಅಂತಲೇ ಅರ್ಥ. ಕಿಟ್ ಮಾರುವವರು ಇದನ್ನು ಹೇಳುವುದಿಲ್ಲ.

ಸ್ಲೈಡ್ ಸ್ಟಾಪನ್ನೇ ನೋಡಿ. ಮ್ಯಾಗಜಿನ್ ಖಾಲಿಯಾದಾಗ ಸ್ಲೈಡನ್ನು ಹಿಂದೆ ಹಿಡಿದು ನಿಲ್ಲಿಸುವ ಸಣ್ಣ ಕೊಕ್ಕೆ ಅದು. ಮೂಲ ಪಿಸ್ತೂಲಿನಲ್ಲಿ ಕೊಕ್ಕೆ ಲೋಹದ್ದು, ಅದು ಸಿಕ್ಕಿಕೊಳ್ಳುವ ಕಚ್ಚು ಪ್ಲಾಸ್ಟಿಕ್ಕಿನದು. ಕಾಲಕ್ರಮೇಣ ಕಚ್ಚು ದುಂಡಗಾಗುತ್ತದೆ, ಸ್ಲೈಡ್ ಜಾರುತ್ತದೆ. ಸರಿ, ಅಲ್ಯೂಮಿನಿಯಂ ಸ್ಲೈಡ್ ಹಾಕಿದೆವು. ಈಗ ಕಚ್ಚು ಗಟ್ಟಿ, ಸತುವಿನ ಕೊಕ್ಕೆ ಸವೆಯುತ್ತದೆ. ಹಾಗಾದರೆ ಕೊಕ್ಕೆಯನ್ನೂ ಸ್ಟೀಲಿನದು ಮಾಡಬೇಕು. ಆಗ ಮತ್ತೆ ಅಲ್ಯೂಮಿನಿಯಂ ಕಚ್ಚಿನ ಸರದಿ, ಆದರೆ ಅದು ತುಂಬ ನಿಧಾನ. ಇಷ್ಟು ಸರಳ ಲೆಕ್ಕ. ಆದರೂ ಈ ಕಿಟ್‌ನಲ್ಲಿ ಸ್ಲೈಡ್ ಇದೆ, ಸ್ಟೀಲಿನ ಸ್ಲೈಡ್ ಸ್ಟಾಪ್ ಇಲ್ಲ! ಕಿಟ್ ಜೋಡಿಸಿದವರು ಆ ಹೊತ್ತಿಗೆ ಊಟಕ್ಕೆ ಎದ್ದಿರಬೇಕು.

ಬಿಚ್ಚುವುದು ಸುಲಭ. ಮ್ಯಾಗಜಿನ್ ತೆಗೆದು, ಒಳಗೆ ಬಿಬಿ ಇಲ್ಲ ಅಂತ ನೋಡಿ, ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಂಡು, ಸ್ಲೈಡನ್ನು ಸ್ವಲ್ಪ ಹಿಂದೆ ಎಳೆದು ಕಚ್ಚಿಗೆ ಸರಿಯಾಗಿ ನಿಲ್ಲಿಸಿ, ಸ್ಲೈಡ್ ಸ್ಟಾಪಿನ ಕಡ್ಡಿಯನ್ನು ಬಲಗಡೆಯಿಂದ ಒತ್ತಿದರೆ ಆಚೆ ಬರುತ್ತದೆ. ಆಮೇಲೆ ಸ್ಲೈಡ್ ಮುಂದಕ್ಕೆ ಜಾರಿಕೊಂಡು ಹೊರಗೆ. ಸ್ಪ್ರಿಂಗು, ಗೈಡ್ ರಾಡು, ಬ್ಯಾರೆಲು ಒಂದಾದ ಮೇಲೆ ಒಂದು ಕೈಗೆ ಬರುತ್ತವೆ. ಇಲ್ಲಿಗೆ ಎಲ್ಲರೂ ‘ಅಯ್ಯೋ ಇಷ್ಟೇನಾ’ ಅಂದುಕೊಳ್ಳುತ್ತಾರೆ.

ಗೈಡ್ ರಾಡ್ ಬದಲಿಸುವುದು ಈ ಕಿಟ್‌ನಲ್ಲಿ ನಿಜವಾಗಿಯೂ ಇಟ್ಟರೆ ಸಾಕು ಅನ್ನುವಂಥ ಕೆಲಸ. ಹಳೆಯದು ಹೊರಗೆ, ಹೊಸದು ಒಳಗೆ. ಸ್ಪ್ರಿಂಗು ಅದರ ಮೇಲೆ ನೇರವಾಗಿ ಓಡಾಡುತ್ತದೆ, ಮೊದಲಿದ್ದ ಕರಕರ ಸದ್ದು ಇಲ್ಲ. ಹೊಸ ಕೈಗೆ ಧೈರ್ಯ ಬರಲು ಇದರಿಂದಲೇ ಶುರು ಮಾಡಬೇಕು.

ಸ್ಕ್ರೂಗಳ ಬಗ್ಗೆ ಒಂದು ಮಾತು. ಜಪಾನಿನ ಸ್ಕ್ರೂಗಳ ತಲೆಯಲ್ಲಿರುವ ಪ್ಲಸ್ ಗುರುತು ನಾವು ಸಾಮಾನ್ಯವಾಗಿ ಬಳಸುವ ಫಿಲಿಪ್ಸ್ ಸ್ಕ್ರೂಡ್ರೈವರಿಗೆ ಪೂರ್ತಿ ಹೊಂದುವುದಿಲ್ಲ. ಅದರ ಅಳತೆಯೇ ಬೇರೆ, ಜೆಐಎಸ್ ಅಂತ ಕರೆಯುತ್ತಾರೆ. ಫಿಲಿಪ್ಸ್ ಹಾಕಿ ಒತ್ತಿದರೆ ಜಾರಿ ತಲೆ ತಿರುಚಿಹೋಗುತ್ತದೆ. ಒಂದು ಒಳ್ಳೆಯ ಜೆಐಎಸ್ ಸ್ಕ್ರೂಡ್ರೈವರ್ ತರಿಸಿಕೊಂಡೆ. ಪಿನ್ ಹೊಡೆಯಲು ಸಣ್ಣ ಪಂಚುಗಳ ಸೆಟ್ಟು, ನೈಲಾನ್ ತಲೆಯ ಸುತ್ತಿಗೆ, ಚೂಪು ಚಿಮುಟ, ಅಂಚಿರುವ ತಟ್ಟೆ. ತಟ್ಟೆಗೆ ಅಂಚು ಇರಲೇಬೇಕು. ಈ ಪಿಸ್ತೂಲಿನೊಳಗಿನ ಸ್ಪ್ರಿಂಗುಗಳು ಅಕ್ಕಿಕಾಳಿನಷ್ಟು ಸಣ್ಣವು, ಹಾರಿದರೆ ಸಿಗುವುದಿಲ್ಲ. ಪ್ರತಿ ಹೆಜ್ಜೆಗೂ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಆ ಕ್ಷಣಕ್ಕೆ ನೆನಪಿರುತ್ತದೆ ಅನಿಸುತ್ತದೆ, ಇರುವುದಿಲ್ಲ.

ಈಗ ನಿಜವಾದ ಕೆಲಸಕ್ಕೆ ಬರೋಣ. ಹ್ಯಾಮರ್, ಸಿಯರ್, ಡಿಸ್ಕನೆಕ್ಟರ್. ಹ್ಯಾಮರಿನ ಬುಡದಲ್ಲಿ ಒಂದು ಸಣ್ಣ ಕಚ್ಚು ಇದೆ. ಸಿಯರಿನ ಮೂಗು ಅದರೊಳಗೆ ಕೂತು ಹ್ಯಾಮರನ್ನು ಹಿಂದೆ ಹಿಡಿದಿರುತ್ತದೆ. ಟ್ರಿಗರ್ ಒತ್ತಿದರೆ ಡಿಸ್ಕನೆಕ್ಟರ್ ಮೂಲಕ ಸಿಯರ್ ತಿರುಗಿ, ಮೂಗು ಜಾರಿ, ಹ್ಯಾಮರ್ ಬೀಳುತ್ತದೆ. ಹ್ಯಾಮರ್ ನಾಕರಿಗೆ ಹೊಡೆಯುತ್ತದೆ, ನಾಕರ್ ಮ್ಯಾಗಜಿನ್ನಿನ ವಾಲ್ವಿಗೆ ಹೊಡೆಯುತ್ತದೆ, ಗ್ಯಾಸು ಹೊರಗೆ. ಎಲ್ಲ ಹೊರೆಯೂ ಆ ಮೂಗು ಮತ್ತು ಕಚ್ಚಿನ ಮೇಲೆ. ಅಲ್ಲಿ ಒಂದು ಸ್ಟೀಲು, ಇನ್ನೊಂದು ಸತು ಇದ್ದರೆ ಸತುವಿನ ಕಥೆ ಮುಗಿದಂತೆ. ಅಂಚು ದುಂಡಗಾದರೆ ಏನಾಗುತ್ತದೆ ಗೊತ್ತಾ? ಸ್ಲೈಡ್ ಮುಂದೆ ಬಂದು ಬಡಿದ ಅದುರಿಗೇ ಹ್ಯಾಮರ್ ಬಿದ್ದುಬಿಡಬಹುದು. ಟ್ರಿಗರ್ ಒಮ್ಮೆ ಒತ್ತಿದರೆ ಪಿಸ್ತೂಲು ತನ್ನಷ್ಟಕ್ಕೆ ಪಟಪಟ ಹೊಡೆಯುತ್ತಾ ಹೋಗುತ್ತದೆ. ಆದ್ದರಿಂದ ಈ ಮೂರನ್ನೂ ಒಟ್ಟಿಗೆ, ಒಂದೇ ಸೆಟ್ಟಿನಿಂದ ಬದಲಿಸಬೇಕು. ಈ ಕಿಟ್ ಇಲ್ಲಿ ಮಾತು ಉಳಿಸಿಕೊಂಡಿದೆ. ಮೂರೂ ಒಂದಕ್ಕೊಂದು ಚೆನ್ನಾಗಿ ಕೂರುತ್ತವೆ. ಭೂತಗನ್ನಡಿಯಲ್ಲಿ ನೋಡಿದಾಗ ಸಿಯರಿನ ಮೂಗು ಚೌಕವಾಗಿ, ಒಂದು ಗೀರೂ ಇಲ್ಲದೆ ಇತ್ತು.

ಕೂರಿಸುವುದು ಮಾತ್ರ ತಾಳ್ಮೆಯ ಪರೀಕ್ಷೆ. ಸಿಯರ್ ಮತ್ತು ಡಿಸ್ಕನೆಕ್ಟರ್ ಎರಡಕ್ಕೂ ಒಂದೇ ಪಿನ್ನು. ಫ್ರೇಮಿನ (ಪಿಸ್ತೂಲಿನ ಕೆಳಗಿನ ಒಡಲಿನ) ತೂತು, ಸಿಯರಿನ ತೂತು, ಡಿಸ್ಕನೆಕ್ಟರಿನ ತೂತು, ಆಚೆ ಬದಿಯ ತೂತು, ಎಲ್ಲವೂ ಒಂದೇ ಗೆರೆಗೆ ಬರಬೇಕು. ಒಂದು ಸರಿಯಾದರೆ ಇನ್ನೊಂದು ಜಾರುತ್ತದೆ. ಇದಕ್ಕೊಂದು ಉಪಾಯವಿದೆ. ಪಿನ್ನಿಗಿಂತ ಸ್ವಲ್ಪ ಸಣ್ಣಗಿರುವ ಕಡ್ಡಿಯನ್ನು ಒಂದು ಬದಿಯಿಂದ ತೂರಿಸಿ ಎರಡನ್ನೂ ಹಿಡಿದಿಟ್ಟುಕೊಳ್ಳಿ. ಹಲ್ಲುಕಡ್ಡಿಯ ಚೂಪು ತುದಿ ಕತ್ತರಿಸಿದರೆ ಸಾಕು. ಆಮೇಲೆ ಇನ್ನೊಂದು ಬದಿಯಿಂದ ನಿಜವಾದ ಪಿನ್ನನ್ನು ಒತ್ತುತ್ತಾ ಬನ್ನಿ. ಪಿನ್ನು ಮುಂದೆ ಹೋದಂತೆ ಕಡ್ಡಿ ಹಿಂದೆ ಸರಿಯುತ್ತದೆ. ಯಾವ ಹಂತದಲ್ಲೂ ಸುತ್ತಿಗೆ ಬೇಕಾಗಬಾರದು. ಬೇಕು ಅನಿಸಿದರೆ ಒಳಗೆ ಏನೋ ಅಡ್ಡ ಇದೆ ಅಂತ ತಿಳಿಯಿರಿ.

ಪಿನ್ನು ಕೂತ ಮೇಲೆ ಮೂರು ಬೆರಳಿನ ಎಲೆ ಸ್ಪ್ರಿಂಗು. ಒಂದು ಬೆರಳು ಸಿಯರಿನ ಮೇಲೆ, ಒಂದು ಡಿಸ್ಕನೆಕ್ಟರಿನ ಮೇಲೆ, ಒಂದು ಹಿಡಿಕೆಯ ಹಿಂದಿನ ಸೇಫ್ಟಿಯ ಮೇಲೆ. ಇದು ಹೊರಗಿನಿಂದ ಕಾಣುವುದೇ ಇಲ್ಲ. ಟಾರ್ಚು ಹಾಕಿ ಹಿಂಬದಿಯಿಂದ ಇಣುಕಿ, ಮೂರೂ ಬೆರಳು ತಮ್ಮ ತಮ್ಮ ಜಾಗದಲ್ಲಿ ಇವೆಯಾ ಅಂತ ನೋಡಿಯೇ ಮುಂದಿನ ಭಾಗ ಮುಚ್ಚಿ. ಸಿಯರಿನ ಬೆರಳು ಪಕ್ಕಕ್ಕೆ ಜಾರಿದ್ದರೆ ಹ್ಯಾಮರ್ ನಿಲ್ಲುವುದೇ ಇಲ್ಲ.

ಜೋಡಿಸಿದ ಮೇಲೆ ಗ್ಯಾಸು ಹಾಕುವ ಮೊದಲು ಒಂದು ಪರೀಕ್ಷೆ. ಹ್ಯಾಮರ್ ಹಿಂದಕ್ಕೆ ಎಳೆದು ನಿಲ್ಲಿಸಿ, ಟ್ರಿಗರ್ ಮುಟ್ಟದೆ ಹೆಬ್ಬೆರಳಿನಿಂದ ಮುಂದಕ್ಕೆ ಜೋರಾಗಿ ಒತ್ತಿ. ಬೀಳಬಾರದು. ಸೇಫ್ಟಿ ಹಾಕಿ ಟ್ರಿಗರ್ ಒತ್ತಿ, ಟ್ರಿಗರಿನಿಂದ ಬೆರಳು ತೆಗೆದ ಮೇಲೆ ಸೇಫ್ಟಿ ತೆಗೆಯಿರಿ. ಆಗಲೂ ಬೀಳಬಾರದು. ಮೊದಲ ಸಲ ಹೊಡೆಯುವಾಗ ಮ್ಯಾಗಜಿನ್ನಿಗೆ ಒಂದೆರಡೇ ಬಿಬಿ ಹಾಕಿ. ಅಕಸ್ಮಾತ್ ಓಡಿಹೋದರೂ ಎರಡಕ್ಕೆ ನಿಲ್ಲುತ್ತದೆ.

ಇಷ್ಟಕ್ಕೆ ಪಿಸ್ತೂಲಿನ ಸ್ವಭಾವವೇ ಬದಲಾಗಿತ್ತು. ಟ್ರಿಗರ್ ಮೊದಲು ಸ್ವಲ್ಪ ಎಳೆದೆಳೆದು ಬಿಡುತ್ತಿತ್ತು. ಈಗ ಎಲ್ಲಿ ಬಿಡುತ್ತದೆ ಅಂತ ಬೆರಳಿಗೆ ಗೊತ್ತಾಗುತ್ತದೆ. ನಾನು ಇಲ್ಲಿಗೇ ನಿಲ್ಲಿಸುತ್ತಿದ್ದೆ. ಆದರೆ ಮೇಜಿನ ಮೇಲೆ ಸ್ಲೈಡು ಮಿಂಚುತ್ತಾ ಕೂತಿದೆ, ಪಕ್ಕದಲ್ಲಿ ಅಕ್ಕನ ಮಗ. ‘ಮಾಮ, ಅದಕ್ಕೇ ತಾನೇ ದುಡ್ಡು ಕೊಟ್ಟಿದ್ದು?’ ಅಂದ.

ಸ್ಲೈಡ್ ಕೈಗೆತ್ತಿಕೊಂಡರೆ ಖುಷಿಯಾಗುತ್ತದೆ, ಸುಳ್ಳು ಹೇಳಬಾರದು. ಎಬಿಎಸ್‌ಗಿಂತ ಅಲ್ಯೂಮಿನಿಯಂ ಎರಡೂವರೆ ಪಟ್ಟು ದಟ್ಟ. ತೂಕ ತಣ್ಣಗೆ ಅಂಗೈಯಲ್ಲಿ ಕೂರುತ್ತದೆ. ಯಂತ್ರದಲ್ಲಿ ಕೊರೆದ ಗೆರೆಗಳು ಚೊಕ್ಕ. ಆದರೆ ಫ್ರೇಮಿನ ಹಳಿಗೆ ಹಾಕಿದರೆ ಅರ್ಧ ದಾರಿಯಲ್ಲಿ ಸಿಕ್ಕಿಕೊಂಡಿತು. ಮುಂದೂ ಇಲ್ಲ, ಹಿಂದೂ ಇಲ್ಲ.

ಆತುರದವರು ಇಲ್ಲಿ ಅರ ತಗೊಂಡು ಎಲ್ಲ ಕಡೆ ಉಜ್ಜಿಬಿಡುತ್ತಾರೆ. ಬೇಡ. ಅಲ್ಯೂಮಿನಿಯಂ ಮೇಲಿನ ಆನೊಡೈಸ್ ಪದರ ತುಂಬ ಗಟ್ಟಿ, ತುಂಬ ತೆಳು. ಅದನ್ನು ದಾಟಿದರೆ ಕೆಳಗಿನ ಲೋಹ ಮೆತ್ತಗೆ, ಬೇಗ ಸವೆಯುತ್ತದೆ. ಆದ್ದರಿಂದ ಎಲ್ಲಿ ತಾಗುತ್ತಿದೆಯೋ ಅಲ್ಲಿ ಮಾತ್ರ ಮುಟ್ಟಬೇಕು. ಅದು ಗೊತ್ತಾಗುವುದು ಹೇಗೆ? ಮಾರ್ಕರ್ ಪೆನ್ನಿನಿಂದ ಫ್ರೇಮಿನ ಹಳಿಯ ಉದ್ದಕ್ಕೂ ನೀಲಿ ಬಳಿದೆ. ಒಣಗಿದ ಮೇಲೆ ಸ್ಲೈಡನ್ನು ಹೋಗುವಷ್ಟು ದೂರ ತಳ್ಳಿ, ವಾಪಸ್ ತೆಗೆದೆ. ನೀಲಿ ಎಲ್ಲ ಕಡೆ ಹಾಗೇ ಇದೆ. ಎಡಗಡೆ ಹಳಿಯ ಹಿಂಬದಿಯಲ್ಲಿ ಉಗುರಿನಷ್ಟು ಜಾಗದಲ್ಲಿ ಮಾತ್ರ ಬಣ್ಣ ಹೋಗಿ ಲೋಹ ಹೊಳೆಯುತ್ತಿದೆ. ಅಷ್ಟೇ ಜಾಗ! ಅದರ ಎದುರಿಗೆ ಸ್ಲೈಡಿನ ಒಳಗಿನ ತೋಡಿನಲ್ಲಿ ನೋಡಿದರೆ ಕೊರೆಯುವಾಗ ಉಳಿದ ಒಂದು ಸಣ್ಣ ಏಣು. 1000 ನಂಬರಿನ ಉಪ್ಪುಕಾಗದವನ್ನು ಐಸ್‌ಕ್ರೀಮ್ ಕಡ್ಡಿಗೆ ಸುತ್ತಿ, ನೀರು ಹಚ್ಚಿ, ಆ ಏಣನ್ನು ಮಾತ್ರ ನಾಲ್ಕು ಸಲ ಎಳೆಯುವುದು, ಒರೆಸುವುದು, ಮತ್ತೆ ನೀಲಿ ಬಳಿಯುವುದು, ಮತ್ತೆ ತಳ್ಳಿ ನೋಡುವುದು. ಪ್ರತಿ ಸಲವೂ ಸ್ಲೈಡು ಸ್ವಲ್ಪ ಮುಂದೆ. ಬೇಜಾರಿನ ಕೆಲಸ ಅಂದುಕೊಂಡಿದ್ದೆ, ಇಡೀ ಕಿಟ್‌ನಲ್ಲಿ ನನಗೆ ಇಷ್ಟವಾಗಿದ್ದು ಇದೇ ಭಾಗ.

ಮುಗಿಯಿತು ಅಂತ ಗೊತ್ತಾಗುವುದು ಹೀಗೆ: ರೀಕಾಯಿಲ್ ಸ್ಪ್ರಿಂಗು ಇಲ್ಲದೆ ಸ್ಲೈಡನ್ನು ಫ್ರೇಮಿಗೆ ಹಾಕಿ ಪಿಸ್ತೂಲನ್ನು ಓರೆ ಮಾಡಿ. ಸ್ಲೈಡು ತನ್ನ ತೂಕಕ್ಕೇ ಜಾರಬೇಕು. ಜಾರಿದರೆ ಸಾಕು, ಆಮೇಲೆ ಒಂದು ಗೀರೂ ಉಜ್ಜಬೇಡಿ.

ಇನ್ನೊಂದು ತಕರಾರು. ಹಳೆಯ ಸ್ಲೈಡಿನಿಂದ ಬ್ಲೋಬ್ಯಾಕ್ ಭಾಗ (ಗ್ಯಾಸಿನ ಒದೆತ ತಗೊಳ್ಳುವ ಭಾಗ) ಬಿಚ್ಚಿ ಹೊಸದಕ್ಕೆ ಕೂರಿಸಬೇಕು. ಅದರ ಸ್ಕ್ರೂ ಹೋಗುವ ತೂತಿನ ಸುರುಳಿ ಗೆರೆಗಳೊಳಗೆ ಬಣ್ಣದ ಪದರ ತುಂಬಿಕೊಂಡಿತ್ತು. ಸ್ಕ್ರೂ ಎರಡು ಸುತ್ತು ಹೋಗಿ ಬಿಗಿ. ಬಲ ಹಾಕಿದರೆ ತುಂಡಾಗಿ ಒಳಗೇ ಉಳಿಯುತ್ತದೆ. ಒಂದು ಹನಿ ಎಣ್ಣೆ ಹಾಕಿ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಮಾಡುತ್ತಾ ದಾರಿ ಬಿಡಿಸಿಕೊಂಡೆ. ಹೊಸ ವಸ್ತುವಿನಲ್ಲಿ ಇದು ಇರಬಾರದಿತ್ತು. ಮಾರಿದವರಿಗೆ ಫೋಟೋ ಕಳಿಸಿದೆ. ‘ಸ್ವಲ್ಪ ಜೋರಾಗಿ ತಿರುಗಿಸಿ ಸಾರ್’ ಅಂತ ಉತ್ತರ ಬಂತು. ಆ ಉತ್ತರಕ್ಕೇ ಒಂದು ಅಂಕ ಕಳೆದಿದ್ದೇನೆ.

ಸ್ಕ್ರೂ ಸಡಿಲವಾಗದಂತೆ ನೀಲಿ ಥ್ರೆಡ್‌ಲಾಕರ್ ಹಾಕುತ್ತಾರೆ. ಲೋಹಕ್ಕೆ ಲೋಹ ಸೇರುವಲ್ಲಿ ಮಾತ್ರ ಹಾಕಿ, ಅದೂ ಸೂಜಿಮೊನೆಯಷ್ಟು. ಎಬಿಎಸ್ ಪ್ಲಾಸ್ಟಿಕ್ಕಿಗೆ ತಾಗಿದರೆ ಅದು ಪ್ಲಾಸ್ಟಿಕ್ಕನ್ನೇ ಬಿರಿಸುತ್ತದೆ. ರಬ್ಬರ್ ರಿಂಗುಗಳಿಗೆ ಸಿಲಿಕೋನ್ ಎಣ್ಣೆ, ಹಳಿಗೂ ಸಿಯರಿನ ಮೂಗಿಗೂ ತೆಳ್ಳಗೆ ಗ್ರೀಸು. ಒಳ ಬ್ಯಾರೆಲಿಗೂ ಹಾಪ್-ಅಪ್ ರಬ್ಬರಿಗೂ ಎಣ್ಣೆ ಸೋಕಬಾರದು. ಬಿಬಿಗೆ ಹಿಮ್ಮುಖ ತಿರುಗು ಕೊಟ್ಟು ಗಾಳಿಯಲ್ಲಿ ಎತ್ತಿ ಹಿಡಿಯುವುದೇ ಆ ರಬ್ಬರು. ಅದು ಜಾರಿದರೆ ಬಿಬಿ ಎತ್ತ ಹೋಗುತ್ತದೋ ದೇವರೇ ಬಲ್ಲ.

ಈಗ ಫಲಿತಾಂಶ. ಲೋಹ ಹಾಕಿದರೆ ವೇಗ ಹೆಚ್ಚುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಇಲ್ಲ. ವೇಗ ಅಳೆಯುವ ಕ್ರೋನೋಗ್ರಾಫಿನಲ್ಲಿ 0.20 ಗ್ರಾಂ ಬಿಬಿಗೆ ಮೊದಲು ಸೆಕೆಂಡಿಗೆ 85 ಮೀಟರ್ ಆಸುಪಾಸು ಬರುತ್ತಿತ್ತು, ಅಂದರೆ ಸುಮಾರು 0.72 ಜೂಲ್. ಎಲ್ಲ ಬದಲಿಸಿದ ಮೇಲೂ ಅಷ್ಟೇ, ಒಂದು ಮೀಟರ್ ಆಚೆ ಈಚೆ. ವೇಗ ನಿರ್ಧರಿಸುವುದು ಗ್ಯಾಸಿನ ಒತ್ತಡ, ನಾಝಲ್ಲು, ಒಳ ಬ್ಯಾರೆಲು. ಅವು ಈ ಕಿಟ್‌ನಲ್ಲಿ ಇಲ್ಲವೇ ಇಲ್ಲ.

ಬದಲಾಗಿದ್ದು ಬೇರೆ. ಕೈಗೆ ಬರುವ ಒದೆತ ಜೋರಾಯಿತು, ಸದ್ದು ಪ್ಲಾಸ್ಟಿಕ್ಕಿನ ಟಪ್ ಹೋಗಿ ಲೋಹದ ಠಣ್ ಆಯಿತು. ಅದಕ್ಕೆ ಬೆಲೆ ತೆತ್ತಿದ್ದೂ ಇದೆ. ಭಾರದ ಸ್ಲೈಡನ್ನು ಹಿಂದೆ ಒದೆಯಲು ಗ್ಯಾಸು ಜಾಸ್ತಿ ಬೇಕು. ಮೊದಲು ಒಂದು ಸಲ ತುಂಬಿದ ಗ್ಯಾಸಿನಲ್ಲಿ 31 ಬಿಬಿಯ ಮ್ಯಾಗಜಿನ್ ಖಾಲಿಯಾಗಿ ಇನ್ನೊಂದು ಸುತ್ತಿಗೂ ಉಳಿಯುತ್ತಿತ್ತು. ಈಗ ಮೊದಲ ಸುತ್ತಿನ ಕೊನೆಗೇ ಏದುಸಿರು. ದ್ರವ ಗ್ಯಾಸು ಆವಿಯಾಗುವಾಗ ಮ್ಯಾಗಜಿನ್ ತಣ್ಣಗಾಗುತ್ತದೆ, ತಣ್ಣಗಾದರೆ ಒತ್ತಡ ಇಳಿಯುತ್ತದೆ. ಬೇಗ ಬೇಗ ಹೊಡೆದರೆ ಸ್ಲೈಡು ಪೂರ್ತಿ ಹಿಂದೆ ಹೋಗುವುದಿಲ್ಲ, ಮುಂದಿನ ಬಿಬಿ ಎತ್ತಿಕೊಳ್ಳುವುದಿಲ್ಲ.

ಕಿಟ್‌ನ ಗಟ್ಟಿ ರೀಕಾಯಿಲ್ ಸ್ಪ್ರಿಂಗು ಇದನ್ನು ಇನ್ನಷ್ಟು ಹದಗೆಡಿಸುತ್ತದೆ. ಭಾರದ ಸ್ಲೈಡನ್ನು ಚುರುಕಾಗಿ ಮುಂದೆ ತರಲು ಅದು ಇರುವುದು, ಸರಿ. ಆದರೆ ಹಿಂದೆ ಹೋಗುವಾಗ ಅದನ್ನೂ ಗ್ಯಾಸೇ ಒತ್ತಬೇಕಲ್ವಾ? ತಂಪು ಹೊತ್ತಿನಲ್ಲಿ ಮ್ಯಾಗಜಿನ್ ಖಾಲಿಯಾದರೂ ಸ್ಲೈಡು ಹಿಂದೆ ನಿಲ್ಲುತ್ತಿರಲಿಲ್ಲ. ಮೂಲ ಸ್ಪ್ರಿಂಗನ್ನೇ ವಾಪಸ್ ಹಾಕಿದೆ, ಸರಿಹೋಯಿತು. ಸ್ಲೈಡು ಸ್ವಲ್ಪ ಸೋಮಾರಿಯಾಗಿ ಮುಂದೆ ಬರುತ್ತದೆ, ಬರಲಿ.

ಹೊರ ಬ್ಯಾರೆಲ್ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಹೊಂದಿತು, ಚೆನ್ನಾಗಿ ಕಾಣುತ್ತದೆ, ಗುರಿಗೆ ಯಾವ ಉಪಕಾರವೂ ಇಲ್ಲ. ಗುರಿ ಬೇಕಾದರೆ ಒಳ್ಳೆಯ ಹಾಪ್-ಅಪ್ ರಬ್ಬರು, ಒಳ್ಳೆಯ ಬಿಬಿ ಕೊಳ್ಳಿ. ಲೋಹದ ಸ್ಲೈಡೂ ಬ್ಯಾರೆಲೂ ಸೇರಿದ ಮೇಲೆ ಇದು ದೂರದಿಂದ ನಿಜವಾದ ಪಿಸ್ತೂಲಿನ ಹಾಗೇ ಕಾಣುತ್ತದೆ ಅನ್ನುವುದೂ ನೆನಪಿರಲಿ. ಆಟದ ಜಾಗ ಬಿಟ್ಟು ಆಚೆ ಪೆಟ್ಟಿಗೆಯೊಳಗೇ ಇರಬೇಕು. ನಿಮ್ಮಲ್ಲಿ ಬಣ್ಣದ ತುದಿ ಕಡ್ಡಾಯ ಇದ್ದರೆ ಹೊಸ ಬ್ಯಾರೆಲಿಗೂ ಅದು ಬೇಕು.

ಅಂಕಗಳು ಹೀಗೆ. ಹ್ಯಾಮರ್, ಸಿಯರ್, ಡಿಸ್ಕನೆಕ್ಟರ್, ನಾಕರಿಗೆ ಐದಕ್ಕೆ ಐದು. ಗೈಡ್ ರಾಡಿಗೂ ಐದು. ಸ್ಲೈಡಿಗೆ ಎರಡೂವರೆ, ಅದೂ ತಾಳ್ಮೆ ಇರುವವರಿಗೆ. ಹೊರ ಬ್ಯಾರೆಲಿಗೆ ಮೂರು. ಸ್ಪ್ರಿಂಗಿಗೆ ಒಂದು. ಬಿಡಿಬಿಡಿಯಾಗಿ ಸಿಗುವುದಾದರೆ ಮೊದಲ ಐದನ್ನು ಕೊಂಡು ಸ್ವಲ್ಪ ಕಾಲ ಪ್ಲಾಸ್ಟಿಕ್ ಸ್ಲೈಡಿನಲ್ಲೇ ಆಡಿ. ಅದು ಬಿರುಕು ಬಿಟ್ಟ ದಿನ ಅಲ್ಯೂಮಿನಿಯಂ ಸ್ಲೈಡು ತರಿಸಿ, ಜೊತೆಗೆ ಸ್ಟೀಲಿನ ಸ್ಲೈಡ್ ಸ್ಟಾಪನ್ನೂ ಅದೇ ಆರ್ಡರಿನಲ್ಲಿ ಸೇರಿಸಿ. ನನ್ನದು ಇನ್ನೂ ಬಂದಿಲ್ಲ. ಸತುವಿನ ಕೊಕ್ಕೆಯ ಅಂಚು ಆಗಲೇ ಹೊಳೆಯಲು ಶುರುವಾಗಿದೆ.